ಬೊಂಬೆ ರೀಲಿಗೆ ಹಾಕಿದ ತೇಪೆ

ಟೆಂಟ್ ಸಿನಿಮಾದಲ್ಲಿ ಮೈಕು ಹಿಡಿದು ನಿಂತವನಿಗೆ ದಿನಕ್ಕೊಂದು ಸಲವಾದರೂ ಜೀವ ಬಾಯಿಗೆ ಬರುತ್ತದೆ. ಒಂದು ಗಾಬರಿ ಇಳಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಟಿಕೆಟ್ ತೆಗೆದುಕೊಂಡು ಒಳಗೆ ಬಂದು ಕೂತಿರುತ್ತದೆ.

ನಾನು ಹೇಳುತ್ತಿರುವುದು ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದು, ಪಕ್ಕದ ಯಳಂದೂರು ಮೈಸೂರಿಗೆ ಸೇರಿದ್ದ ಕಾಲದ ಮಾತು. ನಮ್ಮ ಯಜಮಾನರು ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ. ಟೆಂಟು ಅವರ ಎರಡನೆಯ ಕಸುಬು. ಪಿಕ್ಚರನ್ನು ಬಾಡಿಗೆಗೆ ತರುವಾಗ, ಸೊಪ್ಪು ಕೊಂಡವರು ಎರಡು ಕಡ್ಡಿ ಕರಿಬೇವು ಕೊಸರು ಕೇಳುತ್ತಾರಲ್ಲ, ಹಾಗೆ ಒಂದಷ್ಟು ಹಳೆಯ ಇಂಗ್ಲಿಷ್ ಕಾರ್ಟೂನ್ ರೀಲುಗಳನ್ನು ಕೊಸರು ಹಾಕಿಸಿಕೊಂಡು ಬಂದಿದ್ದರು. ಬೆಕ್ಕು, ಇಲಿ, ಬಾತುಕೋಳಿ ಓಡಾಡುವ ಆ ರೀಲುಗಳನ್ನು ನಮ್ಮ ಜನ ಬೊಂಬೆ ಪಿಕ್ಚರ್ ಅನ್ನುತ್ತಿದ್ದರು. ದೊಡ್ಡ ಪಿಕ್ಚರಿಗೆ ಮೊದಲು ಅದನ್ನು ಬಿಡುವುದು. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುವವರು ಬಂದು, ಎತ್ತು ಬಿಚ್ಚಿ, ಒಳಗೆ ಕೂರುವವರೆಗೆ ಅದು ಓಡಬೇಕು. ಆ ಹೊತ್ತಿನಲ್ಲಿ ಪರದೆಯ ಪಕ್ಕ ನಿಂತು ಮೈಕಿನಲ್ಲಿ ಕನ್ನಡದಲ್ಲಿ ಕಥೆ ಹೇಳುವುದು ನನ್ನ ಕೆಲಸ. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಯಜಮಾನರಿಗೂ ಬರುತ್ತಿರಲಿಲ್ಲವಾದ್ದರಿಂದ ಅದು ಅವರಿಗೆ ತಿಳಿಯಲೇ ಇಲ್ಲ.

ರೀಲುಗಳಿಗೆ ವಯಸ್ಸಾಗಿತ್ತು. ಮೆಷೀನಿನ ಶಾಖಕ್ಕೆ ಅಲ್ಲಲ್ಲಿ ಸುಟ್ಟು ಹರಿಯುತ್ತಿದ್ದವು. ಸುಟ್ಟದ್ದನ್ನು ಕತ್ತರಿಸಿ ಎರಡು ತುದಿ ಅಂಟಿಸಿದರೆ ರೀಲು ಗಿಡ್ಡವಾಗುತ್ತದೆ, ಗಾಡಿಯವರು ಬರುವುದರೊಳಗೆ ಮುಗಿದುಹೋಗುತ್ತದೆ. ಬೊಂಬೆ ಪಿಕ್ಚರ್ ಕುಗ್ಗಕೂಡದು ಅಂತ ಯಜಮಾನರ ಕಟ್ಟಪ್ಪಣೆ. ಈರೋಡಿನ ಕಡೆಯಿಂದ ಬಂದಿದ್ದ ನಮ್ಮ ಆಪರೇಟರು ಮಾತು ಕಡಿಮೆ, ಕೆಲಸ ಜಾಸ್ತಿಯ ಮನುಷ್ಯ. ಅವನ ಹತ್ತಿರ ಒಂದು ಬಿಸ್ಕತ್ ಡಬ್ಬಿ ಇತ್ತು. ಅದರ ತುಂಬ ಯಾವ್ಯಾವುದೋ ದೊಡ್ಡ ಪಿಕ್ಚರುಗಳಿಂದ ಉದುರಿದ ತುಂಡುಗಳು. ಬೊಂಬೆ ರೀಲಿನಲ್ಲಿ ಎಷ್ಟು ಸುಟ್ಟಿತೋ ಅಷ್ಟುದ್ದದ ತುಂಡನ್ನು ಡಬ್ಬಿಯಿಂದ ತೆಗೆದು, ಹರಿದ ಪಂಚೆಗೆ ತೇಪೆ ಹಾಕಿದಂತೆ ಹಾಕಿಬಿಡುತ್ತಿದ್ದ. ಹಾಕಿದ್ದನ್ನು ನನಗೆ ಹೇಳುತ್ತಿರಲಿಲ್ಲ.

ಇದರ ಮೇಲೆ ನನ್ನ ಮದುವೆಯ ಮಾತು ಬೇರೆ ನಡೆಯುತ್ತಿತ್ತು. ಯಳಂದೂರಿನಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು. ಸಂಜೆ ಗುಡಿಯಲ್ಲಿ ಪುರಾಣ ಹೇಳುವವರು. ಸಿನಿಮಾ ಅಂದರೆ ಮೈಮೇಲೆ ಕೆಂಡ ಸುರಿದಂತೆ ಆಡುವವರು. ಅವರ ಮಗಳನ್ನು ನೋಡಲು ಹೋದಾಗ ಅವಳು ನನಗೆ ಉಪ್ಪಿಟ್ಟು ಬಡಿಸಿದಳು. ನಾನು ಆಡಿದ್ದು ‘ಸಾಕು’ ಅನ್ನುವ ಒಂದೇ ಮಾತು. ಅವಳು ಅದನ್ನು ಕೇಳಿಸಿಕೊಳ್ಳದವಳಂತೆ ಇನ್ನೊಂದು ಸೌಟು ಹಾಕಿ ಹೋದಳು. ಅವಳನ್ನು ಬಿಟ್ಟು ಬೇರೆ ಹುಡುಗಿ ಬೇಡ ಅಂತ ನನ್ನ ಮನಸ್ಸು ಅಲ್ಲೇ ಗಟ್ಟಿಯಾಯಿತು. ಹುಡುಗನಿಗೆ ಏನು ಕೆಲಸ ಅಂತ ಮೇಷ್ಟ್ರು ಕೇಳಿದರು. ನನ್ನ ಸೋದರಮಾವ ಕಣ್ಣು ಮಿಟುಕಿಸದೆ, ನೂರಾರು ಜನರನ್ನು ಕೂರಿಸಿಕೊಂಡು ಕಥೆಯ ಅರ್ಥ ಬಿಡಿಸಿ ಹೇಳುತ್ತಾನೆ ಅಂದುಬಿಟ್ಟರು. ಮೇಷ್ಟ್ರ ಮುಖ ಅರಳಿತು. ನನ್ನ ಗಂಟಲಿನಲ್ಲಿ ಉಪ್ಪಿಟ್ಟು ನಿಂತಿತು.

೧. ಇಲಿಯ ತಾಯಿ

ಮೊದಲ ಆಘಾತ ಕೊಳ್ಳೇಗಾಲದಲ್ಲೇ. ಪರದೆಯ ಮೇಲೆ ಇಲಿ ಬೋನಿನಲ್ಲಿ ಸಿಕ್ಕಿಕೊಂಡಿದೆ. ಬೆಕ್ಕು ಹೊರಗೆ ಕೂತು ಚೂರಿ ಮಸೆಯುತ್ತಿದೆ. ನಾನು ಹುಮ್ಮಸ್ಸಿನಲ್ಲಿ, ‘ನೋಡಿ, ಪಾಪದ ಇಲಿಗೆ ಯಾರೂ ದಿಕ್ಕಿಲ್ಲ’ ಅಂದೆ. ಅಂದ ಬಾಯಿ ಮುಚ್ಚುವ ಮೊದಲು ಬೆಕ್ಕೂ ಇಲ್ಲ, ಬೋನೂ ಇಲ್ಲ. ಪರದೆಯ ಅಗಲಕ್ಕೆ ಕಿರೀಟ ಇಟ್ಟುಕೊಂಡ ಒಬ್ಬ ರಾಣಿಯ ಮುಖ. ‘ಕಂದಾ’ ಅಂತ ಗೋಳಾಡುತ್ತಿದ್ದಾಳೆ. ಅತ್ತು ಮುಗಿಸಿದಳು, ಮತ್ತೆ ಬೆಕ್ಕು ಚೂರಿ ಮಸೆಯತೊಡಗಿತು.

ನಾನು ಗರ ಬಡಿದವನಂತೆ ನಿಂತೆ. ಜನ ಪರದೆ ಬಿಟ್ಟು ನನ್ನನ್ನು ನೋಡುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. ಆಕೆ ಇಲಿಯ ತಾಯಿ, ಹೋದ ಜನ್ಮದಲ್ಲಿ ರಾಣಿ, ಋಷಿಯ ಶಾಪದಿಂದ ಅವಳ ವಂಶದವರೆಲ್ಲ ಇಲಿಗಳಾಗಿ ಹುಟ್ಟಿದ್ದಾರೆ ಅಂದೆ. ಹೆಂಗಸರ ಕಡೆಯಿಂದ ಸೆರಗಿನಲ್ಲಿ ಮೂಗೊರೆಸುವ ಸದ್ದು ಬಂತು. ಬಚಾವಾದೆ ಅಂದುಕೊಂಡೆ.

ಬಚಾವಾಗಿರಲಿಲ್ಲ. ಎರಡು ದಿನ ಬಿಟ್ಟು ಒಬ್ಬ ರೈತ ಟೆಂಟಿನ ಬಾಗಿಲಿಗೆ ಬಂದ. ಮನೆಯಲ್ಲಿ ರೇಷ್ಮೆಹುಳು ಸಾಕಿಕೊಂಡಿದ್ದವನು. ಮುಖ ಬಾಡಿಹೋಗಿತ್ತು.

‘ನಮ್ಮವ್ವ ಬೋನ್ನೆಲ್ಲ ಎತ್ತಿ ಅಟ್ಟಕ್ಕಾಕ್ಬುಟ್ಟವ್ಳೆ ಸಾ. ರಾಣಿ ಮಕ್ಳು ಅಂತಾಳೆ. ರಾಣಿ ಮಕ್ಳು ಹುಳಾನೆಲ್ಲ ತಿಂದಾಕ್ತಾ ಅವೆ.’

ಅವನೊಬ್ಬನದೇ ಗೋಳಾಗಿದ್ದರೆ ಹೇಗೋ ಸಮಾಧಾನ ಮಾಡಿ ಕಳಿಸುತ್ತಿದ್ದೆ. ಸಂಜೆಗೆ ಯಜಮಾನರೇ ಬಂದರು. ಅವರ ಮುಖವನ್ನು ಅಷ್ಟು ಕೆಂಪಗೆ ನಾನು ನೋಡಿರಲಿಲ್ಲ. ಅವರ ತಾಯಿಯೂ ಮೊದಲ ಸಾಲಿನಲ್ಲಿ ಕೂತು ಅತ್ತವರೇ. ಮನೆಗೆ ಹೋಗಿ, ರೇಷ್ಮೆಗೂಡು ತುಂಬಿದ್ದ ಉಗ್ರಾಣದಿಂದ ಬೋನುಗಳನ್ನು ತೆಗೆಸಿ, ಮೂಲೆಯಲ್ಲಿ ಒಂದು ತಟ್ಟೆ ಕಡಲೆಪುರಿ ಇಡಿಸಿದ್ದರಂತೆ. ಇಲಿಗಳು ಕಡಲೆಪುರಿಯನ್ನು ಮುಟ್ಟಿರಲಿಲ್ಲ. ಗೂಡುಗಳಿಗೆ ಒಂದೊಂದು ತೂತು ಕೊರೆದು ಒಳಗಿನ ಹುಳವನ್ನು ತಿಂದು ಹೋಗಿದ್ದವು.

‘ಶಾಪ ಕೊಟ್ಟೋನು ನೀನು. ಇವತ್ತೇ ವಾಪಸ್ ತಗೋ,’ ಅಂದರು.

ಅವತ್ತು ರಾಣಿ ಬಂದು ‘ಕಂದಾ’ ಅಂದ ಕೂಡಲೇ ನಾನು, ಋಷಿಯ ಮನಸ್ಸು ಕರಗಿತು, ಶಾಪ ಇಳಿಯಿತು, ವಂಶದವರೆಲ್ಲ ಸ್ವರ್ಗಕ್ಕೆ ಹೋದರು, ಇನ್ನು ಊರಲ್ಲಿ ಉಳಿದಿರುವುದು ಬರೀ ಇಲಿಗಳು ಅಂತ ಸಾರಿದೆ. ಯಜಮಾನರ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದವರಿಗೆ ಕೇಳುವಂತೆ, ‘ಅಂಗಾರೆ ನಾನಿಟ್ಟ ಕಡ್ಲೆಪುರಿ ಫಲ ಕೊಟ್ತು ಬುಡು’ ಅಂದರು.

೨. ಹನೂರಿನ ರಾಕ್ಷಸ

ಅಲ್ಲಿಂದ ಟೆಂಟು ಹನೂರಿಗೆ ಹೋಯಿತು. ಅಲ್ಲಿ ಕನ್ನಡದವರೂ ಇದ್ದರು, ತಮಿಳಿನವರೂ ಇದ್ದರು. ನಾನು ಕನ್ನಡದಲ್ಲಿ ಒಂದು ಮಾತು, ಬಂದಷ್ಟು ತಮಿಳಿನಲ್ಲಿ ಒಂದು ಮಾತು ಹೇಳಿ ನಿಭಾಯಿಸುತ್ತಿದ್ದೆ. ಅವತ್ತು ಬಾತುಕೋಳಿಯ ರೀಲು. ಬಾತುಕೋಳಿಯನ್ನು ಹಂಡೆಯಲ್ಲಿ ಕೂರಿಸಿ ಕೆಳಗೆ ಬೆಂಕಿ ಹಾಕುವಷ್ಟರಲ್ಲಿ ಆಪರೇಟರನ ತೇಪೆ ಬಂತು. ಗಿರಿಜಾ ಮೀಸೆಯ ಒಬ್ಬ ರಾಕ್ಷಸ ಸೊಂಟದ ಮೇಲೆ ಕೈಯಿಟ್ಟು ಮೂರು ಸಲ ನಕ್ಕು ಹೋದ. ನಾನು, ಅಡುಗೆ ಮಾಡುವವನು ಇವನೇ ಅಂದೆ.

ಆಟ ಮುಗಿಯುವ ಮೊದಲೇ ಒಬ್ಬರು ಎದ್ದು ನನ್ನ ಹತ್ತಿರ ಬಂದರು. ಊರಿನ ಹುಡುಗರಿಗೆ ನಾಟಕ ಕಲಿಸುವ ವಾದ್ಯಾರು. ಅವರು ಬಂದ ರಭಸ ನೋಡಿ ಹೊಡೆಯುತ್ತಾರೆ ಅಂದುಕೊಂಡೆ.

‘ಅದು ನನ್ ನಾಟಕದ ರಾಕ್ಷಸ,’ ಅಂದರು. ‘ಸೊಂಟದ ಮ್ಯಾಲೆ ಕೈಯಿಕ್ಕಿ ಮೂರು ಸಲ ನಗೋದ ನಾನು ಕಲಿಸ್ಕೊಟ್ಟಿದ್ದು. ಇಂಗ್ಲೀಷ್ನೋರ್ಗೆ ಯಾರ್ ಹೇಳುದ್ರು?’

ಯಾರು ಹೇಳಿದರು ಅನ್ನುವುದನ್ನೂ ಅವರೇ ಕಂಡುಹಿಡಿದರು. ಎಷ್ಟೋ ವರ್ಷಗಳ ಹಿಂದೆ ಕಾಡು ನೋಡಲು ಬಂದಿದ್ದ ಒಬ್ಬ ಬಿಳಿಯ ದೊರೆ ಇವರ ನಾಟಕದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ರಾಕ್ಷಸ ನಕ್ಕಾಗ ತಾನೂ ನಕ್ಕಿದ್ದನಂತೆ. ಅವನೇ ಕದ್ದುಕೊಂಡು ಹೋಗಿ ತನ್ನ ದೇಶದಲ್ಲಿ ಬೊಂಬೆ ಮಾಡಿಸಿದ್ದಾನೆ. ಅವರಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ವಾದ್ಯಾರು ಕೇಳಿದ್ದು ದಂಡವಲ್ಲ. ಬೊಂಬೆ ಪಿಕ್ಚರ್ ಶುರುವಾಗುವ ಮೊದಲು, ಇದರ ಕಥೆ ಹನೂರಿನದು ಅಂತ ಮೈಕಿನಲ್ಲಿ ಹೇಳಬೇಕು, ಅಷ್ಟೆ. ಹೇಳಿದೆ. ಚಪ್ಪಾಳೆಗೆ ಟೆಂಟು ಹಾರಿಹೋಗುವಂತಾಯಿತು.

ಮಾರನೆಯ ದಿನ ತಮಿಳಿನ ಮುಖಂಡರು ಬಂದರು. ಆ ರಾಕ್ಷಸ ತಮ್ಮ ಬೀದಿನಾಟಕ ತೆರುಕೂತ್ತಿನವನು, ವಾದ್ಯಾರೇ ಅದನ್ನು ತಮ್ಮ ಬೀದಿಯ ಕೂತ್ತಿನಿಂದ ಕದ್ದದ್ದು ಅಂದರು. ಎರಡು ಕಡೆಯವರೂ ಎದುರುಬದುರು ಕೂತರು. ನ್ಯಾಯ ತೀರ್ಮಾನ ಆಗುವವರೆಗೆ ರಾಕ್ಷಸ ನಗುವುದನ್ನು ಮತ್ತೆ ಮತ್ತೆ ತೋರಿಸಬೇಕಾಯಿತು. ಬಲಗೈ ಮೊದಲು ಸೊಂಟಕ್ಕೆ ಬರುತ್ತದೆ ಅಂತ ಇವರು, ಎಡಗೈ ಮೊದಲು ಅಂತ ಅವರು. ಬಡಿಗೆಗಳೂ ಟೆಂಟಿನ ಹೊರಗೆ ಬಂದು ಒರಗಿಕೊಂಡಿದ್ದವು. ಇಲ್ಲಿ ತಲೆ ಒಡೆದರೆ ಸುದ್ದಿ ಯಳಂದೂರಿಗೆ ಹೋಗುತ್ತದೆ, ಅದರ ಹಿಂದೆಯೇ ನನ್ನ ಕೆಲಸದ ಗುಟ್ಟೂ ಹೋಗುತ್ತದೆ, ಮದುವೆ ಮುರಿಯುತ್ತದೆ ಅಂತ ನನಗೆ ಅದೇ ದಿಗಿಲು. ಅಷ್ಟರಲ್ಲಿ ಮೆಷೀನಿನ ಕಡೆಯಿಂದ ಚರ್ ಅಂತ ಸದ್ದು ಬಂತು. ಪರದೆಯ ಮೇಲೆ ರಾಕ್ಷಸನ ಮುಖ ಸುಕ್ಕಾಗಿ, ಕಂದಾಗಿ, ಕರಗಿಹೋಯಿತು.

ಒಂದು ದಿನ ತಡೆಯಿರಿ, ರಿಪೇರಿ ಮಾಡಿ ತೋರಿಸುತ್ತೇವೆ ಅಂತ ಕೈಮುಗಿದೆ. ಆಪರೇಟರು ತನ್ನ ಡಬ್ಬಿ ತೆಗೆದ. ಮಾರನೆಯ ದಿನ ಊರಿಗೆ ಊರೇ ಉಸಿರು ಬಿಗಿಹಿಡಿದು ಕೂತಿತ್ತು. ಬಾತುಕೋಳಿ ಹಂಡೆಗೆ ಬಿತ್ತು, ಕೆಳಗೆ ಬೆಂಕಿ ಹತ್ತಿತು. ರಾಕ್ಷಸ ಬರಬೇಕಾದ ಜಾಗದಲ್ಲಿ ಒಬ್ಬ ತೆಳ್ಳನೆಯ ನಾಯಕಿ ಹೂವಿನ ಉಯ್ಯಾಲೆಯಲ್ಲಿ ಕೂತು, ಕಾಲು ಆಡಿಸಿ, ನಾಚಿಕೊಂಡು ಹೋದಳು.

ಕೊನೆಗೆ ವಾದ್ಯಾರು ನಿಧಾನವಾಗಿ ಎದ್ದು, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. ತಮಿಳಿನವರ ಕಡೆ ಕೈ ತೋರಿಸಿ, ‘ಇಲ್ಲ, ಅವ್ರು ಹೇಳುದ್ದೇ ದಿಟ. ಇದು ಅವ್ರುದ್ದೇ,’ ಅಂದರು.

೩. ಮೆಣಸಿನ ಕಷಾಯ

ಮುಂದಿನ ಊರು ಯಳಂದೂರು. ಬೇರೆ ಎಲ್ಲಿಗಾದರೂ ಹೋಗೋಣ ಅಂತ ಯಜಮಾನರ ಕಾಲು ಹಿಡಿಯುವುದೊಂದು ಬಾಕಿ. ಅವರು, ಸುಗ್ಗಿ ಮುಗಿದು ಪಕ್ಕದ ಹೊನ್ನೂರಿನ ಕಡೆಯ ಜನರೆಲ್ಲ ಬಿಡುವಾಗಿದ್ದಾರೆ, ಈಗ ಬಿಟ್ಟರೆ ಯಾವಾಗ ಅಂದರು. ಗಾಡಿಯ ಮೇಲೆ ಟೆಂಟಿನ ಬಟ್ಟೆಯ ಸುರುಳಿಯ ಜೊತೆ ನಾನೂ ಒಂದು ಸುರುಳಿಯಾಗಿ ಬಿದ್ದುಕೊಂಡು ಮೈಸೂರು ಗಡಿ ದಾಟಿದೆ.

ಮುಖವನ್ನೇನೋ ಟವಲು ಸುತ್ತಿ ಮರೆಸಬಹುದು, ದನಿಗೆ ಏನು ಮಾಡುವುದು? ಮೈಕಿನ ಸದ್ದು ಊರಿಗೆಲ್ಲ ಕೇಳುತ್ತದೆ. ಯೋಚಿಸಿ ಯೋಚಿಸಿ, ಮೂಗಿನಲ್ಲಿ ಮಾತಾಡುವುದು ಅಂತ ತೀರ್ಮಾನಿಸಿದೆ. ಮೊದಲ ದಿನ ಬೆಕ್ಕು ಇಲಿಗಳ ಕಥೆಯನ್ನೆಲ್ಲ ಮೂಗಿನಲ್ಲೇ ಹೇಳಿ ಮುಗಿಸಿದೆ. ಒಬ್ಬರೂ ಗುರುತು ಹಿಡಿಯಲಿಲ್ಲ, ನಾನೇ ಜಾಣ ಅಂದುಕೊಂಡೆ.

ಬೆಳಗ್ಗೆ ಎದ್ದು ನೋಡಿದರೆ ಟೆಂಟಿನ ಮುಂದೆ ಹೆಂಗಸರ ಸಾಲು. ಪ್ರತಿಯೊಬ್ಬರ ಕೈಯಲ್ಲೂ ಲೋಟ. ಪಾಪ, ಕಥೆ ಹೇಳುವವರಿಗೆ ನೆಗಡಿಯಾಗಿದೆ ಅಂತ ಮೆಣಸಿನ ಕಷಾಯ ತಂದಿದ್ದರು. ಬೇಡ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ. ನಾಲ್ಕೈದು ಲೋಟ ಕುಡಿಯುವಷ್ಟರಲ್ಲಿ ಕಣ್ಣು ಮೂಗಿನಲ್ಲೆಲ್ಲ ನಿಜವಾಗಿಯೂ ನೀರು ಸುರಿಯತೊಡಗಿತು. ಕೊನೆಯಲ್ಲಿ ನಿಂತಿದ್ದಾಕೆ ತಟ್ಟೆ ಮುಚ್ಚಿದ ಹಿತ್ತಾಳೆ ಲೋಟ ಚಾಚಿ, ದನಿ ತಗ್ಗಿಸಿದಳು.

‘ಪಕ್ಕದ್ಮನೆ ಮೇಷ್ಟ್ರ ಮಗ್ಳು ಕೊಟ್ಟವ್ಳೆ. ಮೂಗ್ನಲ್ಲಿ ಮಾತಾಡಬ್ಯಾಡಿ ಅಂದವ್ಳೆ. ಅವತ್ತು ಉಪ್ಪಿಟ್ ಸಾಕು ಅಂದ ದನೀನೇ ಚೆಂದಾಗದೆ ಅಂತೆ.’

ನಾನು ಲೋಟ ಕೈಬಿಡದೆ ಹಿಡಿದುಕೊಂಡದ್ದೇ ದೊಡ್ಡದು. ಆಕೆಯ ಮಾತು ಮುಗಿದಿರಲಿಲ್ಲ. ಮೇಷ್ಟ್ರಿಗೆ ನನ್ನ ವಿಷಯ ಇನ್ನೂ ಗೊತ್ತಿಲ್ಲ. ಆದರೆ ನಿನ್ನೆ ಗುಡಿಯಲ್ಲಿ ಪುರಾಣ ಕೇಳಲು ಒಂದು ನರಪಿಳ್ಳೆಯೂ ಬರಲಿಲ್ಲ, ಎಲ್ಲರೂ ಟೆಂಟಿಗೇ ಹೋದರು ಅಂತ ಕುದಿಯುತ್ತಿದ್ದಾರೆ. ಇವತ್ತು ಸಂಜೆ ಟೆಂಟಿಗೇ ಬಂದು ನಾಲ್ಕು ಜನರ ಮುಂದೆ ನಮ್ಮ ಮರ್ಯಾದೆ ತೆಗೆಯುತ್ತಾರಂತೆ. ಅದಕ್ಕೇ ಹುಷಾರಾಗಿರಬೇಕಂತೆ.

ಅವಳ ಕಷಾಯವನ್ನು ಒಂದು ಹನಿಯೂ ಬಿಡದೆ ಕುಡಿದೆ. ಉಳಿದ ಎಲ್ಲ ಲೋಟಗಳಿಗಿಂತ ಖಾರವಾಗಿತ್ತು.

೪. ಮೈಕು

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೇಷ್ಟ್ರು ಬಂದರು. ತಲೆಗೆ ಪೇಟ, ಮುಚ್ಚುಕೋಟು, ಕೈಯಲ್ಲಿ ಮಳೆಯಿಲ್ಲದ ಕಾಲದಲ್ಲೂ ಕೊಡೆ. ಟಿಕೆಟ್ ಕೇಳುವ ಧೈರ್ಯ ಬಾಗಿಲಿನವನಿಗೆ ಬರಲಿಲ್ಲ. ಹೆಂಗಸರ ಕಡೆಗೆ ಮರೆಯಾಗಿ ಕಟ್ಟಿದ್ದ ಪರದೆಯ ಅಂಚಿನಲ್ಲಿ ಅವರ ಮಗಳೂ ಪಕ್ಕದ ಮನೆಯಾಕೆಯ ಜೊತೆ ಬಂದು ಕೂತಿದ್ದಳು. ಮೇಷ್ಟ್ರು ಹಿಂದೆ ನಿಂತು, ಮೈಕಿನ ಮುಂದೆ ಟವಲು ಜಾರಿ ಬಯಲಾಗಿದ್ದ ನನ್ನ ಮುಖ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕೊಡೆ ನಿಧಾನವಾಗಿ ಮೇಲಕ್ಕೆ ಎದ್ದಿತು.

ಅಷ್ಟರಲ್ಲಿ ದೀಪ ಆರಿ ರೀಲು ಶುರುವಾಯಿತು. ಇನ್ನು ನನಗೆ ಈ ಜನ್ಮದಲ್ಲಿ ಆ ಮನೆಯ ಉಪ್ಪಿಟ್ಟಿಲ್ಲ ಅಂತ ಗೊತ್ತಾಗಿಹೋಯಿತು. ದುಃಖ ಉಕ್ಕಿ ಬಂತು. ಬೆಕ್ಕು ಬಂತು, ಇಲಿ ಬಂತು, ಏನೋ ಒದರುತ್ತಿದ್ದೆ. ರಾಣಿ ‘ಕಂದಾ’ ಅಂತ ಅತ್ತಳು. ಶಾಪದ ಕಥೆ ಅರ್ಧ ಹೇಳಿದೆ. ಅಲ್ಲಿಗೇ ಮುಗಿಯುತ್ತದೆ ಅಂದುಕೊಂಡಿದ್ದೆ. ಹಿಂದಿನ ದಿನ ರೀಲು ಇನ್ನೆಲ್ಲೆಲ್ಲಿ ಸುಟ್ಟಿತ್ತೋ ದೇವರಿಗೇ ಗೊತ್ತು. ರಾಣಿಯ ಹಿಂದೆಯೇ ಗಡ್ಡದ ಸನ್ಯಾಸಿಯೊಬ್ಬ ಕಮಂಡಲು ಹಿಡಿದು ಬಂದ. ಇಲಿ ಓಡಿತು. ಖಾಲಿ ಸಿಂಹಾಸನವೊಂದು ಕಂಡಿತು. ಬೆಕ್ಕು ಗೋಡೆಗೆ ಬಡಿಯಿತು. ಉರಿಯುವ ಚಿತೆಯೊಂದು ಕಂಡಿತು. ಮೈಕು ಹಿಡಿದು ಸುಮ್ಮನೆ ನಿಂತುಬಿಟ್ಟೆ.

ಆಗ ಹಿಂದಿನಿಂದ ಗುಡುಗಿದಂತೆ ಒಂದು ದನಿ ಬಂತು.

‘ತಪ್ಪು.’

ಮೇಷ್ಟ್ರು ಕೂತವರ ನಡುವೆಯೇ ದಾಟಿಕೊಂಡು, ಕೊಡೆ ಊರಿಕೊಂಡು ಬಂದರು. ಹೊಡೆತ ಬೀಳುತ್ತದೆ ಅಂತ ಕಣ್ಣು ಮುಚ್ಚಿದೆ. ಕೊಡೆಯನ್ನು ನನ್ನ ಕೈಗಿಟ್ಟು ಮೈಕು ಕಿತ್ತುಕೊಂಡರು.

‘ಶಾಪವೂ ಅಲ್ಲ, ಮಣ್ಣೂ ಅಲ್ಲ,’ ಅಂದರು ಮೈಕಿನಲ್ಲಿ. ‘ಈ ಇಲಿ ಅಂದರೆ ಜೀವ. ಬೆಕ್ಕು ಅಂದರೆ ಕಾಲ. ತಿಳೀತೇನ್ರಯ್ಯ?’

ಪರದೆಯ ಮೇಲೆ ಇಲಿ, ದೊರೆಗಳು ತಿನ್ನುವ ಹಳದಿ ಗಿಣ್ಣಿನಂಥದ್ದೇನನ್ನೋ ಎಳೆಯುತ್ತಿತ್ತು. ಅದು ಆಸೆ ಅಂದರು ಮೇಷ್ಟ್ರು. ಗೋಡೆಯ ಬಿಲ ಮುಕ್ತಿ. ಅಳುವ ರಾಣಿ ಸಂಸಾರದ ಮೋಹ. ಸನ್ಯಾಸಿ ಗುರು. ಖಾಲಿ ಸಿಂಹಾಸನ, ಚಿತೆ, ಎಲ್ಲವನ್ನೂ ಕರಾರುವಾಕ್ಕಾಗಿ ಅರ್ಥ ಬಿಡಿಸಿದರು. ಬಿಸ್ಕತ್ ಡಬ್ಬಿಯಿಂದ ಬಂದ ಯಾವ ತುಂಡೂ ಅವರಿಗೆ ಹೆಚ್ಚಾಗಲಿಲ್ಲ. ಬೆಕ್ಕು ಬಾಗಿಲಿನ ಸಂದಿಯಲ್ಲಿ ಸಿಕ್ಕಿ ಚಪ್ಪಟೆಯಾಗಿ ಮತ್ತೆ ಉಬ್ಬಿಕೊಂಡಾಗ, ‘ಕಾಲನಿಗೆ ಸಾವಿಲ್ಲ, ನೋಡಿಕೊಳ್ಳಿ’ ಅಂದು, ಒಂದು ಪದ್ಯವನ್ನು ರಾಗವಾಗಿ ಹಾಡಿಯೇಬಿಟ್ಟರು. ಗುಡಿಯ ಪುರಾಣಕ್ಕೆ ಬಂದು ಗೊರಕೆ ಹೊಡೆಯುತ್ತಿದ್ದ ಮುದುಕರು ಮೊದಲ ಸಾಲಿನಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದರು. ಅದನ್ನು ಮೇಷ್ಟ್ರು ನೋಡಿದರು. ಅವರ ದನಿ ಇನ್ನೂ ಏರಿತು.

ರೀಲು ಮುಗಿಯಿತು, ಮೇಷ್ಟ್ರು ಮುಗಿಯಲಿಲ್ಲ. ಖಾಲಿ ಬಿಳಿ ಪರದೆ ಬಂದದ್ದನ್ನು ನೋಡಿ, ಅದೇ ಬಯಲು ಅಂತ ಅದಕ್ಕೂ ಅರ್ಥ ಹೇಳಿದರು. ಜನ ಮತ್ತೆ ಹಾಕಿ ಮತ್ತೆ ಹಾಕಿ ಅಂತ ಕೂಗಿದರು. ಮತ್ತೆ ಹಾಕಿದೆವು. ಎರಡನೆಯ ಸಲ ಅರ್ಥ ಮೊದಲಿಗಿಂತ ಉದ್ದವಾಯಿತು. ದೊಡ್ಡ ಪಿಕ್ಚರಿನ ನೆನಪು ಯಾರಿಗೂ ಇರಲಿಲ್ಲ. ಯಜಮಾನರು ಬಾಯಿ ತೆರೆದುಕೊಂಡು ನಿಂತಿದ್ದರು. ನಾನು ಕೊಡೆ ಹಿಡಿದುಕೊಂಡು ನಿಂತಿದ್ದೆ. ಹೆಂಗಸರ ಕಡೆಯ ಪರದೆಯ ಅಂಚಿನಲ್ಲಿ ಯಾರೋ ಕಿಸಕ್ಕೆಂದದ್ದು ಕೇಳಿಸಿತು.

ಎಲ್ಲ ಮುಗಿದ ಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿದರು. ಈಗ ಮದುವೆಯ ಮಾತು ಮುರಿದು ಬೀಳುತ್ತದೆ ಅಂತ ತಲೆ ತಗ್ಗಿಸಿದೆ. ಇಷ್ಟು ಗಹನವಾದದ್ದನ್ನು ಇಷ್ಟು ದಿನ ಹಾಳು ಮಾಡುತ್ತಿದ್ದೆಯಲ್ಲ ಅಂತ ಬೈದರು. ಆಮೇಲೆ ಗಂಟಲು ಸರಿಮಾಡಿಕೊಂಡು, ನಾಳೆ ಯಾವ ಬೊಂಬೆ ಅಂತ ಕೇಳಿದರು. ಬಾತುಕೋಳಿ ಅಂದೆ. ಹುಬ್ಬು ಗಂಟಿಕ್ಕಿತು.

‘ಬಾತುಕೋಳಿಗೆ ನಾನು ಸ್ವಲ್ಪ ಓದಿಕೊಂಡು ಬರಬೇಕು,’ ಅಂದರು.

ಮಾರನೆಯ ದಿನ ಹೊನ್ನೂರಿನಿಂದ ಗಾಡಿಗಳು ಹೊತ್ತಿಗೆ ಮುಂಚೆಯೇ ಬಂದು ನಿಂತವು. ಹಂಡೆಯಲ್ಲಿ ಬೇಯುವ ಬಾತುಕೋಳಿಯಲ್ಲಿ ಮೇಷ್ಟ್ರು ವೈರಾಗ್ಯವನ್ನು ಕಂಡರು. ಉಯ್ಯಾಲೆಯ ನಾಯಕಿಯನ್ನು ಮಾಯೆ ಅಂದರು, ಅವಳಿಗಾಗಿ ರೀಲನ್ನು ಮತ್ತೊಮ್ಮೆ ಹಾಕಿಸಿದರು. ನಾನು ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದೆ. ಸುದ್ದಿ ಕೇಳಿ ಓಡಿ ಬಂದ ನನ್ನ ಸೋದರಮಾವ ಮೇಷ್ಟ್ರ ಮುಂದೆ ಕೈಕೈ ಹಿಸುಕಿಕೊಂಡು, ಹುಡುಗನ ಕೆಲಸದ ವಿಷಯದಲ್ಲಿ ತಪ್ಪಾಯಿತು, ಮದುವೆಯ ಮಾತು ಏನು ಮಾಡೋಣ ಅಂತ ಕೇಳಿದರು. ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ನಾನು ಮಾತಾಡುವಾಗ ಕೊಡೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ಅಳಿಯನಲ್ಲಿ ಇನ್ನೇನು ಬೇಕು?’ ಅಂದರು.

ಮದುವೆ ಯಳಂದೂರಿನಲ್ಲೇ ಆಯಿತು. ಸಂಜೆಯ ಆಟಕ್ಕೆ ತಡವಾಗುತ್ತದೆ ಅಂತ ಪುರೋಹಿತರನ್ನು ಮಾವನವರೇ ಅವಸರಪಡಿಸಿದರು. ಊಟಕ್ಕೆ ಕೂತಾಗ ಅವಳು ನನ್ನ ಎಲೆಗೆ ಬಡಿಸಲು ಬಂದಳು. ನಾನು ಸಾಕು ಅನ್ನಲಿಲ್ಲ. ಹೀಗೆ ಮಾವನವರು ಸಾಕಿ ಸಲಹಿದ ಮಗಳನ್ನು ಒಂದು ಮಾತೂ ಆಡದೆ ನನಗೆ ಧಾರೆಯೆರೆದು ಕೊಟ್ಟುಬಿಟ್ಟರು. ಮೈಕನ್ನು ಮಾತ್ರ ಕೊನೆಯವರೆಗೂ ಕೊಡಲಿಲ್ಲ.